ಗಾಂಧಿ ಬಜಾರಿನ ನೆರಳು ಮಂಕಾದಾಗ

ಗಾಂಧಿ ಬಜಾರಿನ ಹೂವಿನ ಅಂಗಡಿ ಸಾಲನ್ನು ಆಯಿಲ್ ಪೇಂಟಿನಲ್ಲಿ ಬರೆದಿದ್ದೆ. ಸೇವಂತಿಗೆ ರಾಶಿ, ಪಕ್ಕದಲ್ಲಿ ನಿಂತ ಆಟೋ ಎಲ್ಲ ಚೆನ್ನಾಗಿ ಬಂದಿತ್ತು. ಒಣಗಿದ ಮೇಲೆ ನೋಡಿದರೆ ಟಾರ್ಪಾಲಿನ ಕೆಳಗಿನ ನೆರಳು ಮಾತ್ರ ಬೂದಿ ಬಳಿದ ಹಾಗೆ ಮಂಕು. ಸುಮ್ನೆ ಇರದೆ ಮೇಲೆ ಇನ್ನಷ್ಟು ಕಪ್ಪು ಹಚ್ಚಿದೆ. ಅದೂ ಮಂಕಾಯಿತು!

ತಪ್ಪು ಬಣ್ಣದ್ದಲ್ಲ, ನನ್ನದೇ. ನೆರಳಿಗೆ ಬಳಸಿದ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣಕ್ಕೆ, ತೆಳುವಾಗಲೆಂದು ಟರ್ಪೆಂಟೈನ್ ಜಾಸ್ತಿ ಹಾಕಿದ್ದೆ. ಬಣ್ಣದಲ್ಲಿ ಇದ್ದ ಚೂರು ಎಣ್ಣೆಯನ್ನೂ ಕೆಳಗಿನ ಪದರ ಹೀರಿಕೊಂಡಿತ್ತು, ಅದಕ್ಕೇ ಮಂಕು.

ಮುಟ್ಟಿದರೆ ಅಂಟದಷ್ಟು ಒಣಗಲು ಬಿಟ್ಟೆ. ಆಮೇಲೆ ಅಗಸೆ ಎಣ್ಣೆಗೆ ಅಷ್ಟೇ ಪ್ರಮಾಣದ ಟರ್ಪೆಂಟೈನ್ ಬೆರೆಸಿ, ಹತ್ತಿ ಬಟ್ಟೆಯಿಂದ ಮಂಕಾದ ಜಾಗಕ್ಕೆ ತೆಳುವಾಗಿ ಸವರಿದೆ. ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಉಳಿದದ್ದನ್ನು ಒರೆಸಿದೆ. ನೆರಳಿನೊಳಗಿನ ಬುಟ್ಟಿಗಳೆಲ್ಲ ಮತ್ತೆ ಕಂಡವು. ಆ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.