ದುಡಿಯುವ ನಾಯಿಗೆ ಉಣ್ಣೆ ಔಷಧ: ಕೊನೆಗೂ ಕೈಹಿಡಿದ ಲೆಕ್ಕ

ನನ್ನ ಹದಿನಾಲ್ಕು ನಾಯಿಗಳಿಗೆ ಉಣ್ಣೆ, ಅಂದರೆ ರಕ್ತ ಹೀರುವ ಉಣ್ಣಿ ಹುಳು, ಕೊಲ್ಲುವ ಮಾತ್ರೆ ಶುರು ಮಾಡಿ ಹತ್ತು ದಿನ ಕಳೆದರೂ ಮೈಮೇಲೆ ಉಣ್ಣೆ ಕಾಣುತ್ತಲೇ ಇದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಅಂದವರೇ ಹೆಚ್ಚು. ಈಗ ಹೆಚ್ಚುಕಡಿಮೆ ಒಂದೂವರೆ ವರ್ಷವಾಯಿತು, ಕೆನ್ನೆಲ್‌ನಲ್ಲಿ ಉಬ್ಬಿದ ಹೆಣ್ಣು ಉಣ್ಣೆ ಒಂದೂ ಸಿಕ್ಕಿಲ್ಲ. ಅಂದವರಲ್ಲಿ ಮೂವರು ಈಗ ಇದೇ ಲೆಕ್ಕ ಹಿಡಿದಿದ್ದಾರೆ.

ಎಡವಟ್ಟಾಗುತ್ತಿದ್ದದ್ದು ಎಣಿಕೆಯಲ್ಲಿ. ಮಾತ್ರೆಯಲ್ಲಿರುವ ಮದ್ದು ಅಫೊಕ್ಸೊಲೇನರ್, ಫ್ಲುರಾಲೇನರ್, ಸರೊಲೇನರ್ ಯಾವುದೇ ಆಗಲಿ, ಉಣ್ಣೆಯನ್ನು ಓಡಿಸುವುದಿಲ್ಲ. ಉಣ್ಣೆ ಕಚ್ಚಬೇಕು, ರಕ್ತ ಹೀರಬೇಕು, ಆಮೇಲೆ ಒಂದೆರಡು ದಿನದೊಳಗೆ ಸಾಯಬೇಕು. ಹಾಗಾಗಿ ಮೈಮೇಲೆ ಚಪ್ಪಟೆ ಉಣ್ಣೆ ಸಿಕ್ಕರೆ ಔಷಧ ಸೋತಿತೆಂದು ಅರ್ಥವಲ್ಲ. ನೋಡಬೇಕಾದದ್ದು ಬೂದುನೀಲಿ ಬಣ್ಣಕ್ಕೆ ತಿರುಗಿ ಬಟಾಣಿಯಷ್ಟು ಊದಿಕೊಂಡ ಹೆಣ್ಣನ್ನು. ಅದು ಕೆಳಗೆ ಬಿದ್ದು ಗೋಡೆ ಸಂದಿ ಸೇರಿದರೆ ಸಾವಿರಗಟ್ಟಲೆ ಮೊಟ್ಟೆ. ನಾನು ಚಪ್ಪಟೆ, ಅರೆ ಉಬ್ಬಿದ್ದು, ಪೂರ್ತಿ ಉಬ್ಬಿದ್ದು ಅಂತ ಮೂರು ಕಾಲಂ ಹಾಕಿ, ವಾರಕ್ಕೊಮ್ಮೆ ಒಬ್ಬರ ಕೈಯಲ್ಲೇ ಎಣಿಸಿದೆ. ಕೈ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮೂರನೇ ಕಾಲಂ ಐದನೇ ವಾರಕ್ಕೆ ಸೊನ್ನೆ ಮುಟ್ಟಿತು. ಮಾತ್ರೆ ತಿನ್ನುವ ನಾಯಿಗಳಲ್ಲಿ ಮೊದಲ ಕಾಲಂ ಸೊನ್ನೆಗೆ ಬರಲು ಎಂಟೊಂಬತ್ತು ತಿಂಗಳು ಹಿಡಿಯಿತು. ಕಂದು ಬಣ್ಣದ ಈ ನಾಯಿ-ಉಣ್ಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ, ಅದಕ್ಕೆ ಆತುರವಿಲ್ಲ.

ಅದಕ್ಕೂ ಮುಂಚೆ ಸುರಿದ ದುಡ್ಡಿನ ಕಥೆ ಬೇರೆ. ನೀರಿಗೆ ಕಲಸಿ ಮೈಗೆ ಹಾಕುವ ಅಮಿಟ್ರಾಜ್ ಅಗ್ಗ ಅಂತ ಎರಡು ವರ್ಷ ನಾಯಿಗಳನ್ನು ಅದರಲ್ಲೇ ಅದ್ದಿದೆ. 12.5 ಶೇಕಡದ ದ್ರಾವಣ ಲೀಟರ್ ನೀರಿಗೆ 2 ಮಿಲಿ, ಎಲ್ಲರಿಗೂ ಗೊತ್ತಿರುವ ಅಳತೆಯೇ. ಕೆಟ್ಟದ್ದು ಬೇರೆ ಕಡೆ: ತೆರೆದಿಟ್ಟ ಹಳೆ ಬಾಟಲಿ ಬಳಸಿದ್ದು, ಬೆಳಿಗ್ಗೆ ಕಲಸಿದ ನೀರನ್ನೇ ಸಂಜೆಗೂ ಉಳಿಸಿಕೊಂಡದ್ದು, ಹುಡುಗರು ಮೈ ತಾನಾಗಿ ಒಣಗಲು ಬಿಡದೆ ಟವೆಲ್‌ನಲ್ಲಿ ಒರೆಸಿದ್ದು. ಮಾರನೇ ದಿನ ನಾಯಿ ಮಂಕಾಗಿ ಕೂರುತ್ತಿತ್ತು. ಆ ಔಷಧ ನಾಡಿಬಡಿತ ಇಳಿಸುತ್ತದೆ, ರಕ್ತದ ಸಕ್ಕರೆ ಏರಿಸುತ್ತದೆ. ಹನ್ನೆರಡು ದಿನಕ್ಕೊಮ್ಮೆ ಇಬ್ಬರ ಅರ್ಧ ದಿನದ ಕೂಲಿ, ಮೇಲೆ ನಾಯಿಗಳ ಒಂದು ದಿನದ ಕೆಲಸ ಖೋತಾ. ಇದೆಲ್ಲ ಸೇರಿಸಿದರೆ ಅಗ್ಗದ ಬಾಟಲಿ ಮಾತ್ರೆಯಷ್ಟೇ ದುಬಾರಿ ಬಿತ್ತು.

ಫಿಪ್ರೊನಿಲ್ ಸ್ಪಾಟ್‌ಆನ್ ಅಂದರೆ ಹೆಗಲ ನಡುವೆ ಹನಿಸುವ, ಚರ್ಮದ ಜಿಡ್ಡಿನಲ್ಲಿ ಹರಡುವ ವಸ್ತು. ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಆಮೇಲೆ ನೀರು ಸೋಕಬಾರದು. ದಿನಾ ಕೆರೆಗೆ ಹಾರುವ ನಾಯಿಗೆ ಈ ನಿಯಮ ಎಲ್ಲಿಂದ ತರುವುದು? ಇನ್ನೊಂದು, ಹೆಗಲ ನಡುವೆ ಹಾಕಿದ ಔಷಧವನ್ನು, ಎದೆ-ಬೆನ್ನಿಗೆ ಕಟ್ಟುವ ಹಾರ್ನೆಸ್‌ನ ಪ್ಯಾಡ್ ಕುಡಿದುಬಿಡುತ್ತದೆ. ಹಾಕಿದ ಮೇಲೆ ಎರಡು ದಿನ ಹಾರ್ನೆಸ್ ಬಿಚ್ಚಿಡಲು ಆಗದಿದ್ದರೆ ಈ ದಾರಿ ಬೇಡ.

ಐವರ್‌ಮೆಕ್ಟಿನ್ ಸೂಜಿ ಹಾಕಿಸುವವರು ಇನ್ನೂ ಇದ್ದಾರೆ. ನಾಯಿಗೆ ಅಪಾಯವಿಲ್ಲದ ಪ್ರಮಾಣದಲ್ಲಿ ಅದು ಉಣ್ಣೆಯನ್ನು ನೆಚ್ಚುವ ಮಟ್ಟಿಗೆ ಕೊಲ್ಲುವುದಿಲ್ಲ. ಕೋಲಿ ಜಾತಿಯ ಕುರಿನಾಯಿಗಳಲ್ಲಿ ಎಂಡಿಆರ್1 ಜೀನ್ ದೋಷವಿದ್ದರೆ ನೇರ ಮಿದುಳಿಗೇ ಪೆಟ್ಟು.

ಈಗಿನ ಆಯ್ಕೆ ಕೆಲಸ ನೋಡಿ. ಕಾವಲು ನಾಯಿಗಳಿಗೆ ಹನ್ನೆರಡು ವಾರದ ಫ್ಲುರಾಲೇನರ್. ದಿನದ ಖರ್ಚು ತಿಂಗಳ ಮಾತ್ರೆಗೆ ಹೆಚ್ಚುಕಡಿಮೆ ಸಮ, ಆದರೆ ತಾರೀಖು ತಪ್ಪುವುದು ಕಡಿಮೆ. ಹೊಟ್ಟೆ ತುಂಬಿರುವಾಗಲೇ ಕೊಡಬೇಕು; ಬರೀ ಹೊಟ್ಟೆಯಲ್ಲಿ ಮೈಗೆ ಹತ್ತುವುದು ಕಮ್ಮಿ. ಕೆಲಸದ ನಾಯಿಗೆ ಬೆಳಿಗ್ಗೆ ಊಟ ಹಾಕುವುದಿಲ್ಲವಲ್ಲ, ಆದ್ದರಿಂದ ರಾತ್ರಿ ಊಟದ ನಡುವೆ ಕೊಟ್ಟು ಎರಡು ಗಂಟೆ ವಾಂತಿಗೆ ಕಾಯುತ್ತೇವೆ. ಬೆಳೆಯುವ ಮರಿಗೆ, ಹೊಸದಾಗಿ ಬಂದ ನಾಯಿಗೆ ತಿಂಗಳದ್ದೇ. ಮರಿ ತೂಕದ ಗೆರೆ ದಾಟುತ್ತದೆ, ಹೊಸ ನಾಯಿಗೆ ಏನಾದರೂ ಆಗಿಬರದಿದ್ದರೆ ಔಷಧ ಮೈಯಿಂದ ಬೇಗ ಇಳಿಯಲಿ ಅಂತ.

ತೂಕದ ಗೆರೆಯಲ್ಲಿ ಮೋಸ ಹೋಗಿದ್ದೇನೆ. ಫ್ಲುರಾಲೇನರ್‌ನಲ್ಲಿ 10ರಿಂದ 20 ಕಿಲೋ ಒಂದು ಮಾತ್ರೆ, 20 ದಾಟಿದರೆ 40ರವರೆಗೆ ಇನ್ನೊಂದು. ಸೀಸನ್ನಿನಲ್ಲಿ ಇಳಿದು 19 ಇದ್ದ ನಾಯಿ ಬಿಡುವಿನಲ್ಲಿ 22ಕ್ಕೆ ಏರಿತ್ತು, ಕಣ್ಣಂದಾಜಿನಲ್ಲಿ ಚಿಕ್ಕದನ್ನೇ ಕೊಟ್ಟೆ. ಎಂಟನೇ ವಾರಕ್ಕೆ ಅರೆ ಉಬ್ಬಿದವು ಕಾಣಿಸಿಕೊಂಡವು. ದೊಡ್ಡ ಮಾತ್ರೆ ತುಂಡು ಮಾಡಿ ಎರಡು ನಾಯಿಗೆ ಹಂಚುವ ಜಾಣತನವೂ ಇದೇ ಗತಿ: ಒಳಗಿನ ಮದ್ದು ಎರಡೂ ತುಂಡಿಗೆ ಸಮನಾಗಿ ಹಂಚಿರುತ್ತದೆ ಎಂಬ ಖಾತರಿ ಇಲ್ಲ. ಈಗ ಪ್ರತಿ ಸಲ ತೂಗುತ್ತೇವೆ.

ಎತ್ತರದ ಹುಲ್ಲಿಗೆ ನುಗ್ಗುವ ಕುರಿನಾಯಿಗಳಿಗೆ ಮಾತ್ರೆ ಒಂದೇ ಸಾಲದು. ಎರ್ಲಿಕಿಯಾ ರೋಗಾಣು ಉಣ್ಣೆ ಕಚ್ಚಿದ ಮೂರು ಗಂಟೆಯೊಳಗೇ ದಾಟಬಲ್ಲದು, ಮಾತ್ರೆ ಕೊಲ್ಲುವ ಹೊತ್ತಿಗೆ ತಡ. ಅವಕ್ಕೆ ವೈದ್ಯರನ್ನು ಕೇಳಿಕೊಂಡು ಮೇಲಿಂದ ಉಣ್ಣೆ ಕಚ್ಚದಂತೆ ತಡೆಯುವ ಫ್ಲುಮೆಥ್ರಿನ್-ಇಮಿಡಾಕ್ಲೋಪ್ರಿಡ್ ಕಾಲರ್. ಎಂಟು ತಿಂಗಳು ಅಂತ ಬರೆದಿರುತ್ತದೆ. ನೀರಿಗಿಳಿಯುವ ನಾಯಿಗೆ ನಾನು ಆರಕ್ಕೇ ಬದಲಿಸುತ್ತೇನೆ. ಎರಡು ಬೆರಳು ತೂರುವಷ್ಟೇ ಸಡಿಲ. ದಟ್ಟ ಕೂದಲ ನಾಯಿಗೆ ಕಾಲರ್ ಕೆಳಗಿನ ಕೂದಲು ಕತ್ತರಿಸದಿದ್ದರೆ ಅದು ಬರೀ ಆಭರಣ. ಜೊತೆ ನಾಯಿ ಕಚ್ಚಿ ತಿನ್ನದ ಹಾಗೆ ನೋಡಿಕೊಳ್ಳಬೇಕು. ಪರ್ಮೆಥ್ರಿನ್ ಬಳಸುವವರು ಆವರಣದಲ್ಲಿ ಬೆಕ್ಕಿದ್ದರೆ ಬಿಟ್ಟುಬಿಡಿ, ಬೆಕ್ಕಿಗೆ ಅದು ವಿಷ. ವಾಸನೆ ಕೆಲಸದ ಮೂರು ನಾಯಿಗಳ ಮೈಗೆ ಮಾತ್ರ ಯಾವುದನ್ನೂ ಹಚ್ಚುವುದಿಲ್ಲ.

ಗೋಡೆ ಬಿಟ್ಟು ನಾಯಿ ಒಂದಕ್ಕೇ ಔಷಧ ಕೊಟ್ಟರೆ ಅರ್ಧ ಕೆಲಸವೂ ಅಲ್ಲ. ಈ ಉಣ್ಣೆ ಮೇಲಕ್ಕೆ ಹತ್ತುವ ಜಾತಿ. ನೆಲ ತೊಳೆದು ಸುಮ್ಮನಾದರೆ ಛಾವಣಿಯ ಅಂಚಿನಲ್ಲಿ ಸುಖವಾಗಿರುತ್ತದೆ. ಸಂದಿಗಳಿಗೆ ಸಿಮೆಂಟ್ ತುಂಬಿ, ನಾಯಿಗಳನ್ನು ಹೊರಗಿಟ್ಟು ಸೈಪರ್‌ಮೆಥ್ರಿನ್ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಒಳಗೆ ಬಿಟ್ಟೆ. ಮೊಟ್ಟೆಗೆ ಅದು ತಾಗುವುದಿಲ್ಲ, ಹಾಗಾಗಿ ಎರಡು ವಾರದ ಅಂತರದಲ್ಲಿ ನಾಲ್ಕು ಸಲ. ಆದರೂ ಮೂಲೆಯ ಒಂದು ಗೂಡಿನಲ್ಲಿ ಮರಿ ಉಣ್ಣೆ ನಿಲ್ಲಲಿಲ್ಲ. ಮಂಚ ತಲೆಕೆಳಗು ಮಾಡಿದಾಗ ಗೊತ್ತಾಯಿತು: ಕಬ್ಬಿಣದ ಪೈಪ್ ಕಾಲುಗಳ ರಬ್ಬರ್ ಬೂಟು ಕಳಚಿ ಬಾಯಿ ತೆರೆದಿತ್ತು, ಒಳಗೆ ಟಾರ್ಚ್ ಹಾಕಿದರೆ ಖಾಲಿ ಸಿಪ್ಪೆ, ಮೊಟ್ಟೆಯ ಕಂದು ಗಂಟು, ಸಾಸಿವೆಗಿಂತ ಸಣ್ಣ ಆರು ಕಾಲಿನ ಮರಿಗಳು ತಳದಿಂದ ಮೇಲಿನವರೆಗೆ. ನಾಲ್ಕೂ ಪೈಪ್ ಬಾಯಿ ಬೆಸುಗೆ ಹಾಕಿಸಿದೆ, ಆ ಗೂಡು ಅಲ್ಲಿಗೆ ಶಾಂತವಾಯಿತು. ಹಾಸಿಗೆಯನ್ನು ತಣ್ಣೀರಿನಲ್ಲಿ ತೊಳೆದರೆ ಉಣ್ಣೆ ಸ್ನಾನ ಮಾಡಿ ಎದ್ದು ಬರುತ್ತದೆ. ಸಾಯಿಸುವುದು ಡ್ರೈಯರ್‌ನ ಬಿಸಿ.

ನಡುವೆ ಕೆಲವು ಚೇಷ್ಟೆಗಳು. ಬೇವಿನ ಎಣ್ಣೆಗೆ ಉಣ್ಣೆ ಕ್ಯಾರೇ ಅನ್ನಲಿಲ್ಲ. ಬೆಳ್ಳುಳ್ಳಿ ತಿನ್ನಿಸಲೇ ಇಲ್ಲ, ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಎರಡು ಬದಿಯ ಅಂಟುಟೇಪನ್ನು ಗೋಡೆಗೆ ಮೊಣಕಾಲೆತ್ತರದಲ್ಲಿ ಪಟ್ಟಿಯಾಗಿ ಹಚ್ಚಿದ್ದು ಮಾತ್ರ ಭರ್ಜರಿ ಕೆಲಸ ಮಾಡಿತು. ಕೊಲ್ಲಲಿಕ್ಕಲ್ಲ, ಯಾವ ಗೂಡಿನಲ್ಲಿ ಓಡಾಟವಿದೆ ಎಂದು ತಿಳಿಯಲಿಕ್ಕೆ. ಇನ್ನೂ ಎರಡು ಕಡೆ ಹಚ್ಚುತ್ತೇನೆ, ಆ ಜಾಗ ಬಂದು ನೋಡಿದವರಿಗಷ್ಟೇ ತೋರಿಸುವುದು.

ಮಾತ್ರೆ ರೋಗ ವಾಸಿ ಮಾಡುವುದಿಲ್ಲ, ಆದ್ದರಿಂದ ಶುರುವಿನಲ್ಲೇ ಎಲ್ಲಕ್ಕೂ ರಕ್ತ ಪರೀಕ್ಷೆ. ಎರಡರಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಎರ್ಲಿಕಿಯಾ. 28 ದಿನದ ಡಾಕ್ಸಿಸೈಕ್ಲಿನ್, ಮರುಪರೀಕ್ಷೆ, ಎರಡೂವರೆ ತಿಂಗಳು ಕೆಲಸವಿಲ್ಲ: ಒಂದೊಂದರ ಖರ್ಚಿನಲ್ಲಿ ಮೂರು ನಾಯಿಯ ವರ್ಷದ ಮಾತ್ರೆ ಬರುತ್ತಿತ್ತು.

ಈ ಮಾತ್ರೆಗಳಿಂದ ನಡುಕ, ತೂರಾಟ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ನನ್ನಲ್ಲಿ ಫಿಟ್ಸ್ ಇರುವ ಕುರಿನಾಯಿ ಒಂದಿದೆ, ಅದಕ್ಕೆ ಮಾತ್ರೆ ಇಲ್ಲ. ಕಾಲರ್ ಒಂದೇ, ಜೊತೆಗೆ ದಿನಾ ಸಂಜೆ ಬೆರಳಾಡಿಸುವುದು: ಕಿವಿ ಮಡಿಕೆ, ಹಾರ್ನೆಸ್ ಪಟ್ಟಿಯ ಅಡಿ, ಕಂಕುಳು, ಬಾಲದ ಬುಡ, ಬೆರಳ ಸಂದಿ. ಸಿಕ್ಕಿದ್ದನ್ನು ಚೂಪು ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರ ಎಳೆಯುತ್ತೇವೆ. ಆ ನಾಯಿಯ ಮೈಮೇಲೆ ವಾರಕ್ಕೆ ಎರಡು ಮೂರು ಈಗಲೂ ಸಿಗುತ್ತವೆ, ಹೆಚ್ಚಾಗಿ ಮುಂಗಾಲಿನ ಬೆರಳ ಸಂದಿಯಲ್ಲಿ, ಎಲ್ಲವೂ ಚಪ್ಪಟೆ.