ರೋಬೋ ಕೈಗೆ ಏತದ ಕಲ್ಲು

ಮಗಳ ಜೊತೆ ಸೇರಿ ಒಂದು ಪುಟ್ಟ ರೋಬೋ ಕೈ ಮಾಡಿದ್ದೆ. ಎಸ್‌ಜಿ90 ಸರ್ವೋ ಮೋಟರ್ (ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್), 15 ಸೆಂ.ಮೀ. ಉದ್ದದ ಮರದ ಪಟ್ಟಿ. 80 ಗ್ರಾಂ ಡಬ್ಬಿ ಎತ್ತಲು ಹೋದರೆ ಮೋಟರ್ ಗುಂಯ್ ಅನ್ನುತ್ತಾ ನಡುಗುತ್ತಿತ್ತು, ಮೇಲೇಳುತ್ತಿರಲಿಲ್ಲ. ಎರಡು ದಿನ ಸುಮ್ನೆ ಕೋಡ್ ತಿದ್ದಿದೆ. ತಪ್ಪು ಅಲ್ಲಿರಲೇ ಇಲ್ಲ.

ಕೊನೆಗೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಬರೀ ಭಾರವಲ್ಲ, ಆ ಭಾರ ತಿರುಗುವ ಜಾಗದಿಂದ ಎಷ್ಟು ದೂರ ಇದೆ ಅನ್ನುವುದೂ ಸೇರುತ್ತದೆ. ಕೈ ನೆಲಕ್ಕೆ ಸಮನಾಗಿ ಚಾಚಿದಾಗ ಅದು ಎಲ್ಲಕ್ಕಿಂತ ಜಾಸ್ತಿ. ಡಬ್ಬಿಗೆ 0.08 × 15 = 1.2 ಕೆಜಿ-ಸೆಂ.ಮೀ. ಪಟ್ಟಿಯ ತೂಕ 40 ಗ್ರಾಂ, ಅದರ ನಡುಭಾಗ 7.5 ಸೆಂ.ಮೀ. ದೂರ. ಅದಕ್ಕೆ ಇನ್ನೊಂದು 0.3. ಒಟ್ಟು 1.5. ಈ ಮೋಟರಿಗೆ 4.8 ವೋಲ್ಟಿನಲ್ಲಿ 1.8 ಎಂದು ಬರೆದಿರುತ್ತದೆ. ಆದರೆ ಅದು ಮೋಟರ್ ನಿಂತೇ ಹೋಗುವ ಮಿತಿ! ನಾನೀಗ ಅದರ ಅರ್ಧವನ್ನಷ್ಟೇ ನಂಬುತ್ತೇನೆ.

ದೊಡ್ಡ ಮೋಟರ್ ತರಬಹುದಿತ್ತು. ಆದರೆ ಬಾವಿಯಿಂದ ನೀರೆತ್ತುವ ಏತ ನೆನಪಾಯಿತು. ಅದರ ಹಿಂತುದಿಗೆ ಕಲ್ಲು ಕಟ್ಟುತ್ತಿದ್ದರು ಅಲ್ವಾ? ಪಟ್ಟಿಯನ್ನು ಹಿಂದಕ್ಕೂ ಸ್ವಲ್ಪ ಚಾಚಿ, 5 ಸೆಂ.ಮೀ. ದೂರದಲ್ಲಿ 150 ಗ್ರಾಂ ನಟ್ಟು ಬೋಲ್ಟು ಕಟ್ಟಿದೆ. ಅಲ್ಲಿಗೆ 0.75 ಕಳೆಯಿತು. ಮೋಟರಿಗೆ ಉಳಿದದ್ದು ಅರ್ಧ ಹೊರೆ. ಡಬ್ಬಿ ಸಲೀಸಾಗಿ ಮೇಲೆದ್ದಿತು.