ಕಾರವಾರದಲ್ಲಿ ಮನೆಯಿಲ್ಲದ ಮಕ್ಕಳನ್ನು ಎಣಿಸಿದ್ದು

ರಾತ್ರಿ ಟಾರ್ಚ್ ಹಿಡಿದು ಬಸ್‌ಸ್ಟ್ಯಾಂಡ್ ಸುತ್ತಿದರೆ ಕಾರವಾರದಲ್ಲಿ ಮಕ್ಕಳು ಸಿಗುವುದೇ ಅಪರೂಪ. ರೈಲ್ವೆ ಸ್ಟೇಷನ್ ಇರುವುದು ದೂರದ ಶಿರವಾಡದಲ್ಲಿ. 2011ರ ಜನಗಣತಿಯವರು ವಸತಿರಹಿತರನ್ನು ಫೆಬ್ರವರಿ 28ರ ಒಂದೇ ರಾತ್ರಿ ಎಣಿಸಿದ್ದರು. ಫುಟ್‌ಪಾತ್, ಪ್ಲಾಟ್‌ಫಾರ್ಮ್, ದೇವಸ್ಥಾನದ ಮಂಟಪದಲ್ಲಿ ಮಲಗಿದವರು ಆ ಲೆಕ್ಕಕ್ಕೆ ಬರುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಮಲಗುವ ಹುಡುಗ ಬರುವುದಿಲ್ಲ. ಅವನ ತಲೆ ಮೇಲೆ ಸೂರಿದೆಯಲ್ಲ!

ಹಾಗಾಗಿ ನಾನು ಹಗಲಲ್ಲೇ ಕೇಳುತ್ತಾ ಹೋದೆ. "ಮನೆ ಇದೆಯಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ಎಲ್ಲಿ ಮಲಗಿದ್ದೆ? ಮೊನ್ನೆ? ನಾಳೆ ಅಲ್ಲೇ ಮಲಗಬಹುದಾ?" ಅಂದಾಗ ನಿಜ ಹೊರಬರುತ್ತದೆ. ಒಬ್ಬ ಚಿಕ್ಕಮ್ಮನ ಜಗಲಿ ಅಂದ, ಇನ್ನೊಬ್ಬ ಬೋಟು ಅಂದ.

ಬೈತಖೋಲ ಬಂದರಿನಲ್ಲಿ ಬೋಟಿನಲ್ಲೇ ಮಲಗುವ ಹುಡುಗರನ್ನು ಹೇಗೆ ಎಣಿಸಬೇಕು ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಬೇರೆ ರಾಜ್ಯದಿಂದ ಬಂದವರಿಗೆ ಊರಲ್ಲಿ ಮನೆ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಅವರು ಹೊರಟುಹೋಗುತ್ತಾರೆ. ಹೋಗಲು ಜಾಗವಿಲ್ಲದವರು ಮಳೆಯಲ್ಲೂ ಇಲ್ಲೇ ಉಳಿಯುತ್ತಾರೆ. ಅದಕ್ಕೇ ಬೇಸಿಗೆಯಲ್ಲೊಮ್ಮೆ, ನಿಷೇಧದ ಸಮಯದಲ್ಲೊಮ್ಮೆ ಎಣಿಸಿದೆ.  

ಪಟ್ಟಿ ಎರಡು ಮಾಡಿದೆ. ಒಂದು ನನ್ನದು, ಇನ್ನೊಂದು ಆಟೋದವರು, ಚಹಾ ಅಂಗಡಿಯವರು, ಟೀಚರ್‌ಗಳು ಹೇಳಿದ್ದು. ಹೆಸರು ಬರೆಯಲಿಲ್ಲ, ಅಡ್ಡಹೆಸರಿನ ಮೊದಲ ಅಕ್ಷರ, ವಯಸ್ಸು, ಹುಟ್ಟೂರು ಸೇರಿಸಿ ಒಂದು ಕೋಡ್. ಉದಾಹರಣೆಗೆ ಮೊದಲ ಪಟ್ಟಿಯಲ್ಲಿ 20, ಎರಡನೆಯದರಲ್ಲಿ 15, ಎರಡರಲ್ಲೂ ಇರುವವರು 5 ಅಂದುಕೊಳ್ಳಿ. ಎರಡನೇ ಪಟ್ಟಿಯ ಮೂರರಲ್ಲೊಬ್ಬರು ಮಾತ್ರ ನನ್ನ ಪಟ್ಟಿಯಲ್ಲಿದ್ದಾರೆ, ಅಂದರೆ ನನ್ನ 20 ಒಟ್ಟು ಮಕ್ಕಳ ಮೂರನೇ ಒಂದು ಭಾಗ ಇರಬಹುದು. ಹಾಗಾಗಿ 20ನ್ನು 15ರಿಂದ ಗುಣಿಸಿ 5ರಿಂದ ಭಾಗಿಸಿದರೆ ಒಟ್ಟು ಅಂದಾಜು 60. ಆದರೆ ಎಲ್ಲರ ಕಣ್ಣಿಗೂ ಬೀಳುವ ಹುಡುಗ ಎರಡೂ ಪಟ್ಟಿಗೆ ಸುಲಭವಾಗಿ ಸೇರುತ್ತಾನೆ. ಹಾಗಾದಾಗ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಹುಡುಗಿಯರು ಎರಡರಲ್ಲೂ ಕಡಿಮೆ ಸಿಗುತ್ತಾರೆ. ಅವರು ಮನೆಗೆಲಸಕ್ಕಿರುವ ಮನೆಗಳ ಒಳಗೆ ನಮಗೆ ಯಾರು ಬಾಗಿಲು ತೆಗೆಯುತ್ತಾರೆ?

ಎಣಿಸಿ ಸುಮ್ಮನೆ ಬರುವ ಹಾಗೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ರವರೊಂದಿಗೆ ಮೊದಲೇ ಮಾತಾಡಿಕೊಂಡೇ ಹೊರಟಿದ್ದೆ. 18 ದಾಟಿದವರಿಗೆ ಆ ದಾರಿಯೂ ಇಲ್ಲ. ಅವರಿಗಾಗಿ ಬೇರೆಯೇ ಕಾಲಂ ಇಟ್ಟೆ.

ವರದಿ ಕೊಟ್ಟಾಗ "ಒಂದೇ ನಂಬರ್ ಹೇಳಿ" ಅಂದರು. ನಾನು ಕೊಡಲಿಲ್ಲ. ಮಾತಾಡಿಸಿದವರು ಇಷ್ಟು, ಅಂದಾಜು ಇಷ್ಟು ಎಂದು ಬೇಸಿಗೆಗೂ ಮಳೆಗಾಲಕ್ಕೂ ಬೇರೆ ಬೇರೆ ಬರೆದುಕೊಟ್ಟೆ.